ಮೀಲಿ ಕಡುಬಿನಲ್ಲಿ ಏನೇನಿದೆ

ಮಾಂಸ ಅಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಬರ್ಡೀನ್ ಕಡೆಯ ಟರಿಫ್ ಊರಿನಲ್ಲಿ ಗಂಡ ವಾಟಿಯ ಜೊತೆ ನಲವತ್ತು ವರ್ಷ ಮಾಂಸದಂಗಡಿ ನಡೆಸಿದ ಎಫಿ ನಾನು. ಕಣ್ಣು ಮುಚ್ಚಿ ಮುಟ್ಟಿದರೂ ಇದು ಭುಜ, ಇದು ತೊಡೆ ಎಂದು ಹೇಳಬಲ್ಲೆ. ಅಂಥವಳ ಮಗಳು ರೋನಾ ಹನ್ನೆರಡು ವರ್ಷದ ಹಿಂದೆ ಊಟಕ್ಕೆ ಕೂತವಳು ತಟ್ಟೆ ಸರಿಸಿ, "ಅಮ್ಮ, ಇನ್ಮೇಲೆ ನಾನು ಮಾಂಸ ತಿನ್ನಲ್ಲ" ಅಂದಳು. ವಾಟಿ ಮೂರು ದಿನ ಮಾತು ಬಿಟ್ಟ. ಹೊಟ್ಟೆಗೆ ಹಾಕದೆ ಮಗಳನ್ನು ಕಳಿಸುವವಳು ನಾನಲ್ಲ. ಅವತ್ತಿನಿಂದ ಅವಳು ಬಂದಾಗಲೆಲ್ಲ ಮೀಲಿ ಕಡುಬು ಮಾಡಿದೆ.

ಓಟ್ಸ್ ನುಚ್ಚು, ಈರುಳ್ಳಿ, ಮೆಣಸು, ಉಪ್ಪು, ಮಿಕ್ಕಿದ್ದು ಎಲ್ಲರೂ ಹಾಕುವುದೇ. ಅಂಗಡಿಯಲ್ಲಿ ಅದನ್ನು ಕರುಳಿಗೆ ತುಂಬುತ್ತಿದ್ದೆವು. ರೋನಾಳಿಗೆಂದು ಬಟ್ಟಲಲ್ಲಿ ಹಬೆಗಿಟ್ಟೆ. ಅಷ್ಟು ಬುದ್ಧಿ ನನಗಿತ್ತು. ಅವಳು ಬೇರೇನನ್ನೂ ಮುಟ್ಟದೆ ಅದನ್ನೇ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದಳು. ಅದನ್ನು ನೋಡುವುದೇ ನನಗೆ ಹಬ್ಬ.

ಈ ವಸಂತದಲ್ಲಿ ಅಬರ್ಡೀನ್‌ನ ಸಸ್ಯಾಹಾರ ಮೇಳದಲ್ಲಿ ರೋನಾ ಒಂದು ಮೇಜು ಹಿಡಿದಳು. ಅವಳ ಮನೆ, ಕೆಲಸ ಎಲ್ಲ ಆ ನಗರದಲ್ಲೇ. "ನಿನ್ನ ಮೀಲಿ ತಗೊಂಡು ಬಾಮ್ಮ, ಅಲ್ಲಿರೋರಿಗೆ ಅಡುಗೆ ಅಂದ್ರೇನು ಅಂತ ತೋರಿಸ್ಬೇಕು" ಅಂದಳು. ನಾನು ಇಪ್ಪತ್ತನಾಲ್ಕು ಬಟ್ಟಲು ಕಡುಬು ಕಟ್ಟಿಕೊಂಡು ಬೆಳಗಿನ ಬಸ್ಸು ಹತ್ತಿದೆ.

"ಏನ್ ಎಫಿಯಮ್ಮ, ಸೊಪ್ಪು ತಿನ್ನೋರ ಹತ್ರ ನಿಂಗೇನ್ ಕೆಲಸ?" ಎಂದು ಡ್ರೈವರ್ ನಕ್ಕ.

"ಅವರಿಗೂ ಹೊಟ್ಟೆ ಇದೆ ಕಣೋ. ನೀನು ರಸ್ತೆ ನೋಡು."

ಮೇಳ ಹಳೆಯ ಚರ್ಚಿನ ಸಭಾಂಗಣದಲ್ಲಿತ್ತು. ಹನ್ನೆರಡಕ್ಕೆ ಬಾಗಿಲು ತೆರೆಯಬೇಕು. ಹನ್ನೊಂದೂವರೆಗೆ ಮೇಲ್ವಿಚಾರಕಿ ಮಿಸೆಸ್ ಲಿಂಕ್ಲೇಟರ್ ಒಂದೊಂದೇ ಮೇಜು ತಪಾಸಣೆ ಮಾಡುತ್ತ ನಮ್ಮ ಹತ್ತಿರ ಬಂದರು. ಐದು ಹೆಜ್ಜೆ ಆಚೆ ರೋನಾ, 'ಅಮ್ಮನ ಮೀಲಿ' ಎಂದು ತಾನೇ ಬರೆದ ಫಲಕವನ್ನು ಗೋಡೆಗೆ ಜಡಿಯುತ್ತಿದ್ದಳು.

"ಏನೇನ್ ಹಾಕಿದೀರಮ್ಮ?"

"ಓಟ್ಸ್, ಈರುಳ್ಳಿ, ಮೆಣಸು, ಉಪ್ಪು, ಕೊಬ್ಬು."

ಬರೆಯುತ್ತಿದ್ದ ಪೆನ್ನು ನಿಂತಿತು. "ಕೊಬ್ಬು ಅಂದ್ರೆ, ಪ್ಯಾಕೆಟ್ಟಲ್ಲಿ ಬರತ್ತಲ್ಲ, ಗಿಡದೆಣ್ಣೇದು, ಅದು ತಾನೇ?"

ನಮ್ಮಲ್ಲಿ ಮಾಂಸ ಕೊಕ್ಕೆಗೆ ನೇತಾಡುತ್ತದೆ. ಕೊಬ್ಬನ್ನು ತುರಿದು ಹಿಟ್ಟಿನ ಡಬ್ಬದ ಪಕ್ಕ ಇಡುತ್ತೇವೆ. ಅದನ್ನು ಮಾಂಸ ಎಂದು ನಮ್ಮ ಕಡೆ ಯಾರೂ ಕರೆದದ್ದಿಲ್ಲ, ನಾನೂ ಕರೆದಿರಲಿಲ್ಲ. ಆ ನಿಂತ ಪೆನ್ನು ನೋಡಿದ ಮೇಲೆ ನನಗೆ ಹೊಳೆಯಿತು. 'ಹೌದು' ಅಂದುಬಿಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗದು. 'ಅಲ್ಲ' ಅಂದರೆ ಮಗಳು ಇನ್ನೆಂದೂ ನನ್ನ ಕೈಯಡುಗೆ ಮುಟ್ಟಲಿಕ್ಕಿಲ್ಲ. ಆದರೆ ನಲವತ್ತು ವರ್ಷದಲ್ಲಿ ನಿನ್ನೆಯದನ್ನು ಇವತ್ತಿನದು ಎಂದು ನಾನು ಒಬ್ಬರಿಗೂ ಕೊಟ್ಟವಳಲ್ಲ. ಹೆತ್ತ ಮಗಳ ಮುಂದೆ ಆ ಕೆಲಸ ಶುರುಮಾಡಲೇ?

"ಗಿಡದ್ದಲ್ಲ, ದನದ್ದು" ಎಂದೆ, ರೋನಾಳಿಗೂ ಕೇಳಿಸುವಷ್ಟು ಜೋರಾಗಿ.

ಅವಳು ತಿರುಗಿದಳು. "ಅಮ್ಮ? ಯಾವಾಗಿಂದ?"

"ಯಾವಾಗ್ಲೂ ಅದೇ. ಅದು ಮಾಂಸ ಅಲ್ಲ ಅಂದ್ಕೊಂಡಿದ್ದೆ ಕಣೆ."

"ನಂಗೆ ಮಾಡೋದ್ರಲ್ಲೂ?"

"ಅದ್ರಲ್ಲೂ."

"ಕ್ರಿಸ್‌ಮಸ್‌ಗೂ?"

"ಕ್ರಿಸ್‌ಮಸ್‌ಗೆ ಒಂದು ಹಿಡಿ ಜಾಸ್ತಿ."

ರೋನಾ ಕೈಲಿದ್ದ ಮೊಳೆಗಳನ್ನು ಮೇಜಿನ ಮೇಲಿಟ್ಟು ಬಾಗಿಲು ದಾಟಿ ಹೋದಳು. ಹಿಂದೆ ಓಡೋಣವೆನ್ನಿಸಿತು. ಓಡಿ ಹೇಳುವುದೇನು? ತಪ್ಪು ಮಾಡಿದ್ದು ಕೈ, ಸರಿಮಾಡಬೇಕಾದದ್ದೂ ಕೈಯೇ.

"ಈ ಮೇಜು ಇನ್ನೂ ನಮ್ದೇನಾ?" ಎಂದು ಲಿಂಕ್ಲೇಟರಮ್ಮನನ್ನು ಕೇಳಿದೆ.

"ಕೊಬ್ಬಿಲ್ಲದೆ ಏನಾದ್ರೂ ಮಾಡ್ತೀರಾದ್ರೆ, ನಿಮ್ದೇ."

ಕಡುಬನ್ನೆಲ್ಲ ಚೀಲಕ್ಕೆ ತುಂಬಿ ಹೊರಗೆ ಸಾಗಿಸಿದೆ. ಮೇಜು, ಕೈ ಎರಡನ್ನೂ ಸೋಪು ಹಾಕಿ ತೊಳೆದೆ. ಎದುರಿನ ಅಂಗಡಿಯಿಂದ ಓಟ್ಸ್ ನುಚ್ಚು, ಈರುಳ್ಳಿ ತಂದೆ. ಪಕ್ಕದ ಮೇಜಿನವರು ಗಿಡದ ಎಣ್ಣೆ ಕೊಟ್ಟರು. ಕಡುಬು ಬಿಸಿಮಾಡಲು ತಂದಿದ್ದ ನನ್ನ ಬಾಣಲೆ ನಲವತ್ತು ವರ್ಷ ಕೊಬ್ಬು ಕುಡಿದದ್ದು, ಅದು ಬೇಡವೆಂದು ಚರ್ಚಿನ ಅಡುಗೆಮನೆಯಿಂದ ಲಿಂಕ್ಲೇಟರಮ್ಮನೇ ಹೊಸದೊಂದು ತಂದುಕೊಟ್ಟರು. ಮೇಜಿನ ಮೇಲಿದ್ದ ಒಲೆಯಲ್ಲಿ ಈರುಳ್ಳಿ ಕೆಂಪಗಾಗುವವರೆಗೆ ಹುರಿದು, ನುಚ್ಚು ಸುರಿದು, ಸಣ್ಣ ಉರಿಯಲ್ಲಿ ಮಗುಚುತ್ತ ನಿಂತೆ. ಹನ್ನೆರಡಕ್ಕೆ ಬಾಗಿಲು ತೆರೆಯಿತು. ಘಮಲು ಜನರನ್ನು ನೇರ ನನ್ನ ಮೇಜಿಗೇ ಎಳೆದು ತಂದಿತು. ಬರದೆ ಏನು, ಮಗುಚುತ್ತಿದ್ದದ್ದು ನಾನಲ್ಲವೇ? ಆದರೂ ಕಣ್ಣು ಬಾಗಿಲಿನ ಕಡೆಗೇ.

ಮುಕ್ಕಾಲು ಗಂಟೆ ಕಳೆದ ಮೇಲೆ ರೋನಾ ಬಂದಳು. ಮೂಗು ಕೆಂಪಾಗಿತ್ತು. ಬಾಣಲೆಯನ್ನು, ಎಣ್ಣೆಯ ಶೀಶೆಯನ್ನು, ನನ್ನನ್ನು, ಮೂರನ್ನೂ ದಿಟ್ಟಿಸಿ ನೋಡಿದಳು. ಆಮೇಲೆ ಚಮಚ ತೆಗೆದುಕೊಂಡು ಬಾಯಿಗಿಟ್ಟಳು.

"ಉಪ್ಪು ಕಮ್ಮಿ" ಅಂದಳು.

ಉಪ್ಪು ಹಾಕಿದೆ. ಅವಳು ಅಂಗಿಯ ತೋಳು ಮಡಚಿ ಸೌಟು ಕಿತ್ತುಕೊಂಡಳು. ಸಾಲಿನ ಮುಂದಿದ್ದ ಕನ್ನಡಕದ ಮನುಷ್ಯ ಮಾತಿನವನು. "ಚೆನ್ನಾಗಿದೆ ರೀ ಇದು. ನೀವು ಎಷ್ಟು ವರ್ಷದಿಂದ ಸಸ್ಯಾಹಾರಿ?" ಎಂದು ಅವಳನ್ನು ಕೇಳಿದ.

ರೋನಾ ನನ್ನ ಕಡೆ ಓರೆಗಣ್ಣಲ್ಲಿ ನೋಡಿದಳು.

"ಇವತ್ತು ಹನ್ನೊಂದೂವರೆಯಿಂದ" ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.