ಉಚ್ಚಂಗಮ್ಮ ನೀರು ಹುಯ್ದದ್ದು

ಊಟ ಮುಗಿಯೋ ಹೊತ್ತಿಗೆ ಬಿಗಿದುಹೋಗಿದ್ದ ಕಾಂಕ್ರೀಟಿಗೆ ಮೇಸ್ತ್ರಿ ಶಿವಕುಮಾರಪ್ಪ ಮತ್ತೆ ನೀರು ಹುಯ್ಯಿಸಿ ರಸ್ತೆಯ ಸೇತುವೆಗೆ ಹಾಕಿಸಿದ. ಈಗ ಹಲಗೆ ಬಿಚ್ಚಿದ್ದಾರೆ, ಸೇತುವೆಯ ಹೊಟ್ಟೆ ತುಂಬ ತೂತು, ಕಂಬಿಗಳು ಪಕ್ಕೆಲುಬಿನಂಗೆ ಕಾಣ್ತಾವೆ, ದುರ್ಗದಿಂದ ಜೀಪಲ್ಲಿ ಬಂದ ಇಂಜಿನಿಯರ್ ಸಾಹೇಬರು ಕೆಳಗಿಳಿದು ಕೋಲಿನ ತುದಿಯಿಂದ ತಿವಿದರೆ ಸಾಕು ಜಲ್ಲಿ ಉದುರುತ್ತೆ, ಟಪ್, ಟಪ್, ಹಳ್ಳದ ಮರಳಿಗೆ — ಎಲ್ಲರೂ ಅದನ್ನೇ ನೋಡ್ತಾ ಇದಾರೆ, ನನ್ನ ಕಣ್ಣು ಮಾತ್ರ ಅವಳ ಹಿಮ್ಮಡಿ ಮೇಲೆ, ಉಚ್ಚಂಗಮ್ಮನ ಹಿಮ್ಮಡಿ, ಸಿಮೆಂಟು ತಿಂದು ನಮ್ಮೆಲ್ಲರ ಕಾಲು ಬಿರಿದು ರಕ್ತ ಬರ್ತಾ ಇದ್ದರೆ ಅವಳದು ನೀರಿನ ಡ್ರಮ್ಮಿನ ಪಕ್ಕ ನಿಂತು ನಿಂತು ಎಳೇ ಬದನೆಕಾಯಿಯಂಗೆ ನುಣ್ಣಗೆ, ಡ್ರಮ್ಮಿನ ಹತ್ತಿರ ಅವಳನ್ನ ನಿಲ್ಲಿಸಿದ್ದು ಯಾರು, ಪಾಪಣ್ಣ, ನನ್ನ ಗಂಡ — ಹೆಸರು ಹಿಡಿದೇ ಅಂತೀನಿ, ಮನಸ್ಸಿನೊಳಗೆ ಯಾರು ಕೇಳ್ತಾರೆ — ಬಾಂಡ್ಲಿ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದದ್ದು ನಂದು, ಹೊಂಗೆಮರದ ನೆರಳಲ್ಲಿ ಕೊಡ ಬಗ್ಗಿಸೋ ಕೆಲಸ ಅವಳದು, ಗಂಡ ಸತ್ತೋಳು ಕಣೆ, ಬಿಸಿಲಲ್ಲಿ ಯಾಕೆ ಸಾಯಬೇಕು ಅಂದ, ಗಂಡ ಇದ್ದೋಳು ಸಾಯಬೋದೇನೋ, ಅವಳ ಸಿಂಬೆ ಬಿಚ್ಚಿಹೋದ ದಿನ ತನ್ನ ಹೆಗಲ ಟವೆಲ್ಲನ್ನೇ ಸುತ್ತಿ ಕೊಟ್ಟ, ಅವಳು ತಲೆ ಮೇಲಿಟ್ಟುಕೊಂಡು ನಕ್ಕಳು, ಆ ಟವೆಲ್ಲು ಒಗೆದದ್ದು ನಾನು, ಸೋಪು ಹಚ್ಚಿ ಬಂಡೆಗೆ ಬಡಿದು ಒಗೆದದ್ದು ನಾನು.

ಬಾಡೂಟದ ದಿನವೂ ಹಂಗೇ. ಸೇತುವೆಗೆ ಕಾಂಕ್ರೀಟು ಹಾಕೋ ದಿನ ಮರಿ ಹೊಡೆದು ಆಳುಗಳಿಗೆ ಊಟ ಹಾಕಬೇಕು, ಇಲ್ಲದಿದ್ದರೆ ಸೇತುವೆ ಬಲಿ ಕೇಳುತ್ತೆ ಅಂತ ಕಂಟ್ರಾಕ್ಟರನಿಂದ ಹಿಡಿದು ನಮ್ಮವರೆಗೂ ಎಲ್ಲರಿಗೂ ಭಯ, ಮರಿ ನಮ್ಮಪ್ಪನ ಮಂದೆಯದೇ, ಮಾಡದಕೆರೆಯಿಂದ ಹೊಡಕೊಂಡು ಬಂದಿದ್ದ — ಆದರೆ ಕೆಲಸ ಮುಗಿದ ಮೇಲೆ ಉಣ್ಣೋದು ರೂಢಿ, ಅವತ್ತು ಕಂಟ್ರಾಕ್ಟರು ಹೊಸದುರ್ಗದಿಂದ ನೆಂಟರನ್ನ ಕಾರಲ್ಲಿ ತುಂಬಿಕೊಂಡು ನಡುಮಧ್ಯಾಹ್ನವೇ ಬಂದುಬಿಟ್ಟರು, ಮುದ್ದೆ ಆರ್ತಾವೆ ಬರ್ರಿ, ಕುಂತ್ಕಳ್ರಿ, ಕೆಲಸ ಎಲ್ಲಿಗೂ ಓಡಿಹೋಗಲ್ಲ ಅಂತ ಶಿವಕುಮಾರಪ್ಪ ಸಲಿಕೆ ಕೆಳಗಿಡಿಸಿದ, ಸೇತುವೆ ಅರ್ಧ ಆಗಿತ್ತು, ಕಲೆಸಿದ ಮಾಲು ತಗಡಿನ ಮೇಲೆ ಗುಡ್ಡೆ ಗುಡ್ಡೆ ಬಿಸಿಲು ಕಾಯ್ತಾ ಬಿದ್ದಿತ್ತು, ಅದನ್ನ ನಾನು ನೋಡಬೇಕಿತ್ತು, ನೋಡಿದ್ದು ಬೇರೆ, ಎಲೆ ಮೇಲೆ ಎಲೆ ದಾಟಿಕೊಂಡು ಸೌಟು ಹಿಡಿದು ಬಂದ ಪಾಪಣ್ಣ ಅವಳ ಎಲೆಗೆ ಮರಿಗೊಂದೇ ಇರೋ ಮೆತ್ತನೆ ಈಲಿಯ ತುಂಡು ಹಾಕಿದ್ದು, ನನ್ನ ಎಲೆಗೆ ಬರೀ ಸಾರು, ಪಕ್ಕದಲ್ಲಿ ಕುಂತಿದ್ದ ತಾಜ್ ಬೀ ಮೊಣಕೈಯಲ್ಲಿ ತಿವಿದು, ಈರಕ್ಕ, ನಿನ್ನ ಗಂಡನ ಸೌಟಿಗೆ ಕಣ್ಣು ಅವೆ ನೋಡು ಅಂದಳು, ಹೆಂಗಸರೆಲ್ಲ ಕಿಸಕ್ಕಂತ ನಕ್ಕರು, ನಾನೂ ನಕ್ಕೆ, ನಗದೆ ಇರಾಕಾಗ್ತದಾ.

ಉಂಡು ಎದ್ದು ಬಂದರೆ ಮಾಲು ಕಲ್ಲಾಗಿತ್ತು. ಸಲಿಕೆ ಹಾಕಿದರೆ ಠಣ್ ಅಂತಿತ್ತು, ಶಿವಕುಮಾರಪ್ಪ ಮೀಸೆ ಮೇಲಿನ ಎಣ್ಣೆ ಒರೆಸಿಕೊಳ್ಳುತ್ತಾ ಹುಯ್ಯೇ ನೀರು ಅಂದ, ಯಾರೂ ಉಸಿರೆತ್ತಲಿಲ್ಲ, ಕಾಂಕ್ರೀಟು ಕುಟ್ಟಿ ಮಟ್ಟ ಮಾಡೋ ಪಾಪಣ್ಣನೂ ಉಸಿರೆತ್ತಲಿಲ್ಲ, ಅವಳು ಕೊಡ ಸೊಂಟಕ್ಕಿಟ್ಟುಕೊಂಡು ಅಂದಳು, ಬ್ಯಾಡ ಮೇಸ್ತ್ರಿ, ಇದು ಸತ್ತೋಗೈತೆ, ಸತ್ತದ್ದಕ್ಕೆ ನೀರು ಬಿಟ್ಟರೆ ಎದ್ದು ಕುಂತ್ಕಳ್ತದಾ — ಅಯ್ಯೋ ಆ ಮಾತು ನನ್ನ ಬಾಯಿಗೆ ಯಾಕೆ ಬರಲಿಲ್ಲ, ಹೊಳಲ್ಕೆರೆ ರಸ್ತೆ ಉದ್ದಕ್ಕೂ ಇವಳಿಗಿಂತ ಮುಂಚಿನಿಂದ ಮಾಲು ಹೊತ್ತೋಳು ನಾನು, ನನಗೂ ಗೊತ್ತಿತ್ತು, ಅವಳು ಅಂದಳು ನಾನು ಅನ್ನಲಿಲ್ಲ, ಅದಕ್ಕೂ ಹೊಟ್ಟೆ ಉರಿಯಿತು, ಈಲಿ ತುಂಡಿಗಿಂತ ಹೆಚ್ಚು ಉರಿಯಿತು. ಮಾತು ಕಡಿಮೆ ಮಾಡೇ, ಎಮರ್ಜೆನ್ಸಿ ಐತೆ, ಒಳಗೆ ಹಾಕಿಸ್ತೀನಿ, ಅಂದ ಮೇಸ್ತ್ರಿ. ಹುಯ್ದಳು. ನಾವು ಹೊತ್ತೆವು.

ಇವತ್ತು ಬೆಳಿಗ್ಗೆ ಜೀಪು ಬರೋ ಮುಂಚೆ ಶಿವಕುಮಾರಪ್ಪ ನನ್ನನ್ನ ಜಲ್ಲಿ ರಾಶಿ ಹಿಂದೆ ಕರೆದ, ಏನಮ್ಮ ಈರಕ್ಕ ಅಂತ ಬೆಣ್ಣೆ ಹಚ್ಚಿದ ದನಿ, ಸಾಹೇಬರು ಕೇಳಿದರೆ ಉಚ್ಚಂಗಿ ತಾನೇ ನೀರು ಹುಯ್ದಳು, ಯಾರ ಮಾತೂ ಕೇಳಲಿಲ್ಲ ಅನ್ನು ಸಾಕು, ಸಾಯಂಕಾಲದೊಳಗೆ ಅವಳ ಗಂಟುಮೂಟೆ ಕಟ್ಟಿಸ್ತೀನಿ, ಡ್ರಮ್ಮಿನ ಹತ್ತಿರ ನೀನೇ ನಿಲ್ಲು, ನಿನ್ನ ಹೊಟ್ಟೆಕಿಚ್ಚು ನನಗೆ ಗೊತ್ತಿಲ್ವಾ, ನಿನ್ನ ಸಂಸಾರ ನೀನು ಉಳಿಸ್ಕಳಮ್ಮ — ನಾನು ತಲೆ ಆಡಿಸಿದೆನಾ, ಆಡಿಸಿದೆ ಅನ್ನಿಸುತ್ತೆ, ಅವಳು ಗಂಟು ಹೊತ್ತು ರಾಮಗಿರಿ ರೈಲು ಸ್ಟೇಷನ್ನಿನ ಕಡೆ ಹೋಗೋದು ಕಣ್ಣಿಗೆ ಕಟ್ಟಿತು, ಆ ನುಣ್ಣನೆ ಹಿಮ್ಮಡಿಗೆ ದಾರಿಯ ಮುಳ್ಳು ಚುಚ್ಚಲಿ, ಎಷ್ಟು ತಂಪಾಯಿತು ಎದೆ.

ಸಾಹೇಬರು ಮೇಲೆ ಹತ್ತಿ ಬಂದರು. ಕಲೆಸುವಾಗ ಒಂದು ಕೊಡ ನೀರು ಹೆಚ್ಚು ಕಮ್ಮಿ ಆಗಿದ್ದರೆ ಗಾರೆ ಮೆತ್ತಿ ಮುಗಿಸಬೋದು, ಬಿಗಿದ ಮಾಲು ಹಾಕಿದ್ದರೆ ಪೂರಾ ಒಡೆದು ಹೊಸದಾಗಿ ಹಾಕಬೇಕು, ಯಾವುದು ಹೇಳ್ರಿ, ಅಂದರು. ನೀರು ಹೆಚ್ಚಾದದ್ದು, ಆಳಿನ ತಪ್ಪು ಸಾರ್, ಈ ಈರಕ್ಕ ಕಣ್ಣಾರೆ ನೋಡಿದಾಳೆ, ಅಂದ ಮೇಸ್ತ್ರಿ. ಎಲ್ಲರ ಮುಖ ನನ್ನ ಕಡೆ. ಪಾಪಣ್ಣ ನೆಲ ನೋಡ್ತಾನೆ, ಅವಳ ಪರವಾಗಿಯಾದರೂ ಬಾಯಿ ಬಿಡಲಿಲ್ಲ ನೋಡು ಗಂಡಸು, ಈಲಿ ತುಂಡಿನ ಪ್ರೀತಿ ಇಷ್ಟೇ — ಅವಳೋ ಎಲೆಅಡಿಕೆ ಮೆಲ್ಲುತ್ತಾ ಕತ್ತು ನೆಟ್ಟಗೆ, ನನ್ನ ಕಡೆ ತಿರುಗಿಯೂ ನೋಡಲ್ಲ, ಬೇಡಿಕೊಳ್ಳೇ, ಒಂದು ಸಲ ಅಕ್ಕಾ ಅನ್ನೇ, ಅನ್ನಲ್ಲ, ಸೊಕ್ಕು, ಆ ಸೊಕ್ಕೂ ನನಗಿಲ್ಲ, ಸುಟ್ಟು ಬೂದಿಯಾಗಲಿ ಇವಳು — ಆದರೆ ಗಾರೆ ಮೆತ್ತಿದರೆ ತೂತು ಮುಚ್ಚುತ್ತೆ, ಸಂತೆಗೆ ಹೋಗೋ ಬಸ್ಸು ತುಂಬಿಕೊಂಡು ಇದರ ಮೇಲೆ ಬರುತ್ತೆ, ಆವಾಗ ಬಲಿ ಯಾರು, ಕಾರಲ್ಲಿ ಬಂದ ನೆಂಟರಾ, ಮತ್ತೆ ಈ ಮೀಸೆಯೋನು ನನ್ನೊಳಗೆ ಕೈ ಹಾಕಿ ನನ್ನ ಉರಿ ಎತ್ತಿಕೊಂಡು ತನ್ನ ಬೀಡಿ ಹಚ್ಚಿಕೊಳ್ಳಾಕೆ ನೋಡ್ತಾನಲ್ಲ, ಇದು ನಂದು, ರಾತ್ರಿಯೆಲ್ಲ ಮಗ್ಗಲು ಬದಲಿಸಿ ಬದಲಿಸಿ ನಾನು ಸಾಕಿದ್ದು, ಅವಳ ಜುಟ್ಟು ಹಿಡಿಯೋದಾದರೆ ನಾಳೆ ಬಾವಿಕಟ್ಟೆ ಹತ್ತಿರ ನಾನೇ ಹಿಡೀತೀನಿ, ಇವನಿಗ್ಯಾಕೆ ಬಾಡಿಗೆಗೆ ಕೊಡಲಿ — ಹೇಳೇ ಈರಕ್ಕ, ಸಾಹೇಬರು ಕಾಯ್ತಾರೆ, ಹುಯ್ದೋಳು ಅವಳು ಅಂತ ಹೇಳೇ. ಕೊಡ ಅವಳ ಸೊಂಟದ ಮೇಲೇ ಐತೆ, ತುಳುಕಲ್ಲ.

ನಾ ಹೇಳಲ್ಲ.

ಏನಂದೆ?

ನಾ ಹೇಳಲ್ಲ ಮೇಸ್ತ್ರಿ. ಬಿಗಿದ ಮಾಲಿಗೆ ನೀರು ಹುಯ್ಯಿ ಅಂದೋನು ನೀನು.