ಗುಲಗಂಜಿ ಹುಳದ ಚೌಕ

ನನ್ನನ್ನು ಎಲ್ಲರೂ ಹುಳದಕ್ಕ ಎಂದೇ ಕರೆಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಕೃಷಿ ಸಂಶೋಧನಾ ಸಂಸ್ಥೆಯ ಹುಳದ ಕೋಣೆ ನೋಡಿಕೊಳ್ಳುತ್ತಿರುವವಳನ್ನು ಇನ್ನೇನೆಂದು ಕರೆದಾರು? ಬೆಳೆ ತಿನ್ನುವ ಹುಳ, ಬೆಳೆ ಕಾಯುವ ಹುಳ, ಎರಡನ್ನೂ ಬಲೆ ಕಟ್ಟಿದ ಡಬ್ಬಿಗಳಲ್ಲಿ ಸಾಕುತ್ತೇನೆ. ಮೇಲಿನ ಮಹಡಿಯವರು ಹೊಸದೇನಾದರೂ ಕಂಡುಹಿಡಿದರೆ ಮೊದಲು ನನ್ನ ಹುಳಗಳಿಗೆ ತಿನ್ನಿಸಿ ನೋಡುತ್ತಿದ್ದರು. ಯಾವುದು ಸತ್ತಿತು, ಯಾವುದು ಬದುಕಿತು ಎಂದು ನಾನು ಬರೆದುಕೊಟ್ಟರೆ ಅದೇ ವರದಿ. ಆ ಕಾಲ ಹೋಯಿತು. ಈಗ ಸಾಫ್ಟ್‌ವೇರ್ ಬಂದಿದೆ. ಅದಕ್ಕೆ ಹುಳ ಬೇಡ, ಹುಳದ ಹೆಸರು ಸಾಕು.

ಆ ಸಾಫ್ಟ್‌ವೇರ್ ನಡೆಸುವವನು ನನ್ನ ತಂಗಿಯ ಗಂಡ. ಓದುವಾಗ ಎಲ್ಲ ಪರೀಕ್ಷೆಯಲ್ಲೂ ಮೊದಲ ರ‍್ಯಾಂಕ್ ಬಂದವನು. ಅದನ್ನು ತಾನೂ ಮರೆತಿಲ್ಲ, ನಮಗೂ ಮರೆಯಲು ಬಿಟ್ಟಿಲ್ಲ. ಬೆನ್ನ ಹಿಂದೆ ಅವನು ರ‍್ಯಾಂಕ್ ಸಾಹೇಬ. ಒಮ್ಮೆ ಬಾಯಿ ತಪ್ಪಿ ಎದುರಿಗೇ ಅಂದುಬಿಟ್ಟೆ. ಹೊಗಳಿಕೆ ಎಂದುಕೊಂಡು ಖುಷಿಪಟ್ಟ.

ಅವನ ಕೆಲಸವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಹುಳದ ಒಂದೊಂದು ಜೀವಕೋಶದಲ್ಲೂ ಜೀನ್ ಎಂಬ ಮೇಲಧಿಕಾರಿ ಕೂತಿರುತ್ತಾನೆ. ಕರುಳಿನ ಗೋಡೆ ಕಟ್ಟಿ, ಇಂಥ ಪ್ರೋಟೀನ್ ಮಾಡಿ ಎಂದು ಚೀಟಿ ಬರೆದು ಕಳಿಸುತ್ತಲೇ ಇರುತ್ತಾನೆ. ಆ ಚೀಟಿಗೆ ಅಕ್ಷರಕ್ಕೆ ಅಕ್ಷರ ಹೊಂದುವಂಥ ಆರ್‌ಎನ್‌ಎ ಅಣುವೊಂದನ್ನು ನಾವು ಎಲೆಗೆ ಸಿಂಪಡಿಸುತ್ತೇವೆ. ಹುಳ ಎಲೆ ತಿನ್ನುತ್ತದೆ. ಹೊಟ್ಟೆಗೆ ಹೋದ ಅಣು ಇಪ್ಪತ್ತೊಂದು ಅಕ್ಷರದ ತುಂಡುಗಳಾಗಿ, ತನಗೆ ಹೊಂದುವ ಚೀಟಿಗಳನ್ನು ಹುಡುಕಿ ಹರಿದುಹಾಕುತ್ತದೆ. ಅಧಿಕಾರಿ ಕುರ್ಚಿಯಲ್ಲೇ ಇರುತ್ತಾನೆ, ಆದೇಶ ಮಾತ್ರ ಯಾರಿಗೂ ತಲುಪುವುದಿಲ್ಲ. ಇದಕ್ಕೆ ಜೀನಿನ ಬಾಯಿ ಮುಚ್ಚಿಸುವುದು ಎನ್ನುತ್ತಾರೆ. ಯಾವ ಸಾಫ್ಟ್‌ವೇರ್ ಇಲ್ಲದೆಯೂ ನಮ್ಮ ಆಫೀಸು ಇದರಲ್ಲಿ ಎತ್ತಿದ ಕೈ.

ಈ ಸಲ ಬಾಯಿ ಮುಚ್ಚಿಸಬೇಕಾಗಿದ್ದುದು ಬದನೆ ಎಲೆಯನ್ನು ತಿಂದು ಜಾಲರಿ ಮಾಡಿಬಿಡುವ ಚುಕ್ಕೆ ಹುಳದ್ದು. ಬೆನ್ನ ಮೇಲೆ ಇಪ್ಪತ್ತೆಂಟು ಚುಕ್ಕೆ. ತೊಂದರೆ ಏನೆಂದರೆ, ಗುಲಗಂಜಿ ಹುಳ ಇದರ ದಾಯಾದಿ. ಅದಕ್ಕೂ ಅದೇ ಗುಂಡು ಮೈ, ಹೆಚ್ಚು ಕಡಿಮೆ ಅದೇ ಬಣ್ಣ, ಚುಕ್ಕೆ ಮಾತ್ರ ಆರು. ಸ್ವಭಾವ ಪೂರಾ ಬೇರೆ. ಗುಲಗಂಜಿ ಹುಳ ಎಲೆಯ ತಂಟೆಗೆ ಹೋಗುವುದಿಲ್ಲ, ಗಿಡದ ರಸ ಹೀರುವ ಹೇನುಗಳನ್ನು ದಿನಕ್ಕೆ ಐವತ್ತರಂತೆ ಮುಗಿಸುತ್ತದೆ.

ನನ್ನ ತಂಗಿಗೆ ಗುಲಗಂಜಿ ಎಂದರೆ ಜೀವ. ಅವಳು ಗಾಜಿನ ಮನೆಯಲ್ಲಿ ಆರುನೂರು ಬದನೆ ಗಿಡ ಬೆಳೆಸುತ್ತಾಳೆ. ಐದು ವರ್ಷದ ಹಿಂದೆ ಹೇನು ಮುತ್ತಿ, ಅವಳು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ನಾನೇ ಒಂದು ಬೆಂಕಿಪೊಟ್ಟಣದಲ್ಲಿ ಹನ್ನೊಂದು ಗುಲಗಂಜಿ ತಂದುಕೊಟ್ಟಿದ್ದೆ. ಅವು ಸಂಸಾರ ಬೆಳೆಸಿ ಇಡೀ ಗಾಜಿನ ಮನೆಯನ್ನು ತಮ್ಮದು ಮಾಡಿಕೊಂಡವು. ಅಂದಿನಿಂದ ಅಲ್ಲಿ ಒಂದು ತೊಟ್ಟು ವಿಷ ಬಿದ್ದಿಲ್ಲ. ‘ಇಲ್ಲಿನ ಬದನೆಗೆ ವಿಷ ಮುಟ್ಟಿಸಿಲ್ಲ’ ಎಂದು ಬಣ್ಣದಲ್ಲಿ ತಾನೇ ಬರೆದ ಹಲಗೆಯನ್ನು ಬಾಗಿಲಿಗೆ ತೂಗುಹಾಕಿದ್ದಳು. ಜನ ಬರುತ್ತಿದ್ದುದೇ ಆ ಹಲಗೆ ನಂಬಿ. ಈ ವರ್ಷ ಅವಳ ಗಿಡಕ್ಕೂ ಚುಕ್ಕೆ ಹುಳ ಬಿತ್ತು. “ನನ್ನ ಅಣು ಇದೆಯಲ್ಲ, ಅದು ವಿಷವೇ ಅಲ್ಲ” ಎಂದು ಗಂಡ ಮುಂದೆ ಬಂದ. ಪ್ರಯೋಗಾಲಯದ ಹೊರಗಿನ ಮೊದಲ ಪ್ರಯೋಗಕ್ಕೆ ಅವನಿಗೂ ಒಂದು ಜಾಗ ಬೇಕಿತ್ತು. ಹೆಂಡತಿಯ ಜಾಗವಾದರೆ ಯಾರ ಅನುಮತಿಗೂ ಅಲೆಯಬೇಕಿಲ್ಲ.

ಪ್ರಯೋಗಕ್ಕೆ ಮೊದಲು ವರದಿಯ ಮೇಲೆ ಎರಡು ಸಹಿ ಬೇಕು, ಅಣು ಮಾಡಿದವನದು ಮತ್ತು ಹುಳದ ಕೋಣೆಯವಳದು. ಆ ಸೋಮವಾರ ನನ್ನನ್ನು ಮೇಲಕ್ಕೆ ಕರೆಸಿಕೊಂಡ.

“ನೋಡಿ ಅತ್ತಿಗೆ, ತೊಂಬತ್ತೇಳು,” ಎಂದ, ಮಗನ ಅಂಕಪಟ್ಟಿ ತೋರಿಸುವವನ ಹಾಗೆ.

ಪರದೆಯ ಮೇಲೆ ಸಾಫ್ಟ್‌ವೇರ್ ಸೂಚಿಸಿದ ನಲವತ್ತು ಅಣುಗಳು, ಚುಕ್ಕೆ ಹುಳವನ್ನು ಕೊಲ್ಲುವ ಶಕ್ತಿಗೆ ಸಿಕ್ಕ ಅಂಕದ ಪ್ರಕಾರ ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಮೂವತ್ತೆರಡು ಉಪಕಾರಿ ಹುಳಗಳ ಪಟ್ಟಿ. ಒಂದೊಂದರ ಮುಂದೆ ಒಂದು ಪುಟ್ಟ ಚೌಕ. ಚೌಕದಲ್ಲಿ ಟಿಕ್ ಹಾಕಿದರೆ ಆ ಹುಳದ ಜೀನುಗಳ ಜೊತೆ ಅಣುವನ್ನು ಹೋಲಿಸಿ ನೋಡುತ್ತದೆ. ಎಲ್ಲಾದರೂ ಇಪ್ಪತ್ತೊಂದು ಅಕ್ಷರ ಸಾಲಾಗಿ ಹೊಂದಿದರೆ ಕೆಂಪು, ಇಲ್ಲದಿದ್ದರೆ ಹಸಿರು. ತೊಂಬತ್ತೇಳರ ಅಣುವನ್ನು ಆರಿಸಿ, ಎಲ್ಲ ಚೌಕಕ್ಕೂ ಟಿಕ್ ಹಾಕಿ ಗುಂಡಿ ಒತ್ತಿದ. ಮೂವತ್ತೊಂದು ಹಸಿರು ಬಂತು. ಗುಲಗಂಜಿ ಹುಳದ ಮುಂದೆ ಮಾತ್ರ ಕೆಂಪು.

ಸಾಹೇಬ ಗಡ್ಡ ಕೆರೆದುಕೊಂಡ. ಆಮೇಲೆ ಗುಲಗಂಜಿಯ ಚೌಕದಿಂದ ಟಿಕ್ ತೆಗೆದು ಮತ್ತೆ ಒತ್ತಿದ. ಪರದೆ ತುಂಬ ಹಸಿರಾಯಿತು. ‘ಪರೀಕ್ಷಿಸಿದ ಯಾವ ಕೀಟಕ್ಕೂ ಹಾನಿಯಿಲ್ಲ’ ಎಂಬ ಸಾಲು ಕೆಳಗೆ ಮೂಡಿತು.

“ಈಗೇನ್ ಮಾಡಿದ್ರಿ?” ಎಂದೆ.

“ವರದಿ ತೆಗೆದೆ.”

“ಗುಲಗಂಜಿ ಎಲ್ಲಿ ಹೋಯ್ತು?”

“ಎಲ್ಲೂ ಹೋಗಿಲ್ಲ ಅತ್ತಿಗೆ, ಪಟ್ಟಿಯಲ್ಲೇ ಇದೆ. ಈ ಸಲ ಸೇರಿಸಿಲ್ಲ ಅಷ್ಟೇ. ಅದು ಎಲೇನೇ ತಿನ್ನಲ್ವಲ್ಲ, ಅಣು ಅದರ ಹೊಟ್ಟೆಗೆ ಹೇಗೆ ಹೋಗುತ್ತೆ?”

“ಎಲೆ ಮೇಲಿನ ಹನಿ ನೆಕ್ಕುತ್ತೆ. ಆ ಎಲೆ ಮೇಲಿರೋ ಹೇನು ತಿನ್ನುತ್ತೆ. ಇಪ್ಪತ್ತೆರಡು ವರ್ಷದಿಂದ ನೋಡ್ತಾ ಇದೀನಿ.”

“ಅದು ನಿಮ್ಮ ಅನುಭವ. ಇದು ಡೇಟಾ.”

ಮೈ ಉರಿಯಿತು. ಆದರೂ ಕನ್ನಡಕ ಏರಿಸಿಕೊಂಡು ಪಟ್ಟಿ ನೋಡಿದೆ. ಏಳನೆಯ ಅಣುವಿಗೆ ಎಂಬತ್ತೊಂದು ಅಂಕ. ಅದನ್ನು ಒತ್ತಿಸಿ, ಮೂವತ್ತೆರಡೂ ಚೌಕಕ್ಕೆ ಟಿಕ್ ಹಾಕಿಸಿದೆ. ಮೂವತ್ತೆರಡೂ ಹಸಿರು, ಗುಲಗಂಜಿಯೂ ಸೇರಿ.

“ಇದನ್ನೇ ಹಾಕಿ ಮತ್ತೆ.”

“ಎಂಬತ್ತೊಂದಾ?” ಅವನ ಮುಖ ನೋಡಬೇಕಿತ್ತು, ಹಳಸಿದ್ದೇನೋ ಬಾಯಿಗೆ ಬಿದ್ದ ಹಾಗೆ. “ಎಂಬತ್ತೊಂದು ಹಿಡ್ಕೊಂಡು ನಿರ್ದೇಶಕಿ ಮುಂದೆ ನಾನು ಹೇಗೆ ನಿಲ್ಲಲಿ?”

“ಹುಳ ಏನು ಅಂಕಪಟ್ಟಿ ನೋಡಿ ಸಾಯುತ್ತಾ? ಸ್ವಲ್ಪ ನಿಧಾನ ಆಗಬಹುದು, ಅಷ್ಟೇ. ಇಲ್ಲಾಂದ್ರೆ ಹತ್ತು ದಿನ ಕೊಡಿ. ನನ್ನ ಹತ್ರ ನಾನೂರು ಗುಲಗಂಜಿ ಇದಾವೆ, ತಿನ್ನಿಸಿ ನೋಡೋಣ.”

“ನಾಡಿದ್ದು ಸಿಂಪಡಿಸಬೇಕು, ಮುಂದಿನ ವಾರ ನಿರ್ದೇಶಕಿ ನೋಡೋಕೆ ಬರ್ತಾರೆ. ಹತ್ತು ದಿನ ಎಲ್ಲಿಂದ ತರಲಿ?” ಎಂದವನು, ಏನೋ ನೆನಪಾದವನಂತೆ ಸೇರಿಸಿದ. “ಅಂದ ಹಾಗೆ, ನಿಮ್ಮ ಕಪಾಟಿನ ಕಡತ ಅವರ ಮೇಜಿನ ಮೇಲೇ ಇದೆ. ಈ ಪ್ರಯೋಗ ಚೆನ್ನಾಗಿ ಆದ್ರೆ ಅವತ್ತೇ ಸಹಿ ಹಾಕ್ತಾರಂತೆ.”

ಆ ಕಪಾಟಿನ ವಿಷಯ ಹೇಳಬೇಕು. ಬಿಸಿಲು ಏರಿದರೆ ನನ್ನ ಕೋಣೆಯಲ್ಲಿ ಹುಳದ ಮೊಟ್ಟೆಗಳು ಒಣಗಿಹೋಗುತ್ತವೆ. ಒಳಗಿನ ತಂಪು ಏರದೆ ಇಳಿಯದೆ ಇರುವ ಕಪಾಟು ಬೇಕೆಂದು ಆರು ವರ್ಷದಿಂದ ಅರ್ಜಿ ಬರೆಯುತ್ತಿದ್ದೆ. ನಾನು ಕೇಳಿದ್ದು ನನಗಲ್ಲ, ಹುಳಗಳಿಗೆ. ಹೀಗೆ ನನಗೆ ನಾನೇ ಹೇಳಿಕೊಂಡು ಸಹಿ ಹಾಕಿದೆ. ವರದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪರೀಕ್ಷಿಸಿದ ಯಾವ ಕೀಟಕ್ಕೂ ಹಾನಿಯಿರಲಿಲ್ಲ.

ಮರುದಿನ ತಂಗಿಯ ಫೋನ್ ಬಂತು.

“ಅಕ್ಕಾ, ಇವರು ನಾಳೆ ಸಿಂಪಡಿಸ್ತಾರಂತೆ. ನನ್ನ ಗುಲಗಂಜಿಗಳಿಗೆ ಏನೂ ಆಗಲ್ಲ ಅಲ್ವಾ?”

“ವರದಿ ಪೂರ್ತಿ ಹಸಿರು ಬಂದಿದೆ ಕಣೇ.”

“ಅವರ ವರದಿ ಬಿಡು. ನೀನು ನೋಡಿದೀಯಾ?”

“ನೋಡೇ ಸಹಿ ಹಾಕಿದೀನಿ.”

“ಹಾಗಾದ್ರೆ ಸರಿ. ನೀನು ನೋಡಿದ್ರೆ ಆಯ್ತು.”

ಫೋನ್ ಇಟ್ಟ ಮೇಲೆ ತುಂಬ ಹೊತ್ತು ಡಬ್ಬಿಗಳನ್ನು ಒರೆಸಿದೆ. ಅವು ಆಗಲೇ ಸ್ವಚ್ಛವಾಗಿದ್ದವು.

ಸಿಂಪಡಿಸಿ ಎಂಟನೆಯ ದಿನಕ್ಕೆ ನಿರ್ದೇಶಕಿ ಬಂದರು. ಬಿಳಿ ಬೂಟಿಗೆ ಮಣ್ಣಾಗದಂತೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಗಾಜಿನ ಮನೆಯೊಳಗೆ ಕಾಲಿಟ್ಟರು. ಚುಕ್ಕೆ ಹುಳಗಳು ಗಿಡದ ಬುಡದಲ್ಲಿ ಕಾಲು ಮೇಲೆ ಮಾಡಿ ಬಿದ್ದಿದ್ದವು. “ಅದ್ಭುತ, ಅದ್ಭುತ” ಎಂದು ಅವರು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಎಲ್ಲರೂ ತಟ್ಟಿದರು. ತೊಂಬತ್ತೇಳು ಎಂಬ ಸಂಖ್ಯೆಯನ್ನು ಸಾಹೇಬ ನಾಲ್ಕು ಸಲ ಹೇಳಿದ, ನಾನು ಎಣಿಸಿದೆ. ತಂಗಿ ಗಂಡನನ್ನು ನೋಡಿ ನಗುತ್ತಿದ್ದಳು. ನೀರಿನ ನಲ್ಲಿಯ ಹತ್ತಿರ, ನನ್ನ ಚಪ್ಪಲಿಯ ಪಕ್ಕದಲ್ಲೇ, ಒಂದು ಗುಲಗಂಜಿ ಅಂಗಾತ ಬಿದ್ದು ಕಾಲು ಆಡಿಸುತ್ತಿತ್ತು. ಇಪ್ಪತ್ತೆರಡು ವರ್ಷ ಹುಳ ಸಾಕಿದವಳು ನಾನು, ಅದನ್ನು ಕಾಲಿನ ಹೆಬ್ಬೆರಳಿನಿಂದ ಮೆಲ್ಲಗೆ ಕುಂಡದ ಕೆಳಗೆ ತಳ್ಳಿದೆ. ನಿರ್ದೇಶಕಿ ಅಂದೇ ಕಪಾಟಿಗೆ ಸಹಿ ಹಾಕಿದರು.

ಇನ್ನೊಂದು ವಾರದಲ್ಲಿ ತಂಗಿ ಗುಲಗಂಜಿಗಳನ್ನು ಪೊರಕೆಯಲ್ಲಿ ಗುಡಿಸಿ ಮೊರಕ್ಕೆ ತುಂಬಿದಳು. ಕಾಯುವವರಿಲ್ಲದ ಗಿಡಕ್ಕೆ ಹೇನು ಎಲ್ಲಿಂದ ಬಂತೋ ಬಂತು. ಎಲೆಗಳೆಲ್ಲ ಅಂಟಂಟಾಗಿ ಮುದುಡಿದವು. ಇಪ್ಪತ್ತು ದಿನ ಅವಳು ಕೈಯಿಂದಲೇ ಒರೆಸಿ ನೋಡಿದಳು. ಕೊನೆಗೆ ಅಂಗಡಿಯಿಂದ ವಿಷದ ಡಬ್ಬಿ ತಂದಳು. ಸಿಂಪಡಿಸುವ ಮೊದಲು ಬಾಗಿಲಿನ ಹಲಗೆ ಬಿಚ್ಚಿ ಒಳಗಿಟ್ಟಳು. ಅವಳು ಅಳಲಿಲ್ಲವಂತೆ.

ಗಂಡನ ಹತ್ತಿರ ವರದಿ ಕೇಳಿದಳಂತೆ. ಅವನು ಸಂತೋಷದಿಂದಲೇ ಕೊಟ್ಟ. “ವರದಿಯಲ್ಲಿ ತಪ್ಪಿಲ್ಲ ಕಣೇ, ಗುಲಗಂಜಿನ ಸೇರಿಸಿಲ್ಲ ಅಷ್ಟೇ. ಹೇನಿಗೂ ಒಂದು ಅಣು ಮಾಡಿದೀನಿ, ತೊಂಬತ್ತಾರು ಬಂದಿದೆ” ಎಂದ. ಅವಳು ಮೂವತ್ತೊಂದು ಹೆಸರುಗಳನ್ನೂ ಓದಿದಳು. ಕೆಳಗಿದ್ದ ಎರಡು ಸಹಿಗಳನ್ನೂ ಓದಿದಳು.

ಭಾನುವಾರ ಮಧ್ಯಾಹ್ನ ತಂಗಿಯ ಮನೆಯಲ್ಲಿ ಊಟ ಮಾಡುವುದು ನನ್ನ ಹಳೆಯ ವಾಡಿಕೆ. ಆ ಭಾನುವಾರವೂ ಹೋದೆ. ಬರಿಗೈಯಲ್ಲಿ ಹೋಗಲು ಮುಖವಿಲ್ಲದೆ, ನನ್ನ ಕೋಣೆಯಿಂದ ಹನ್ನೊಂದು ಗುಲಗಂಜಿಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡಿದ್ದೆ. ಸಾಹೇಬ ಕೈ ತೊಳೆದು ಕುರ್ಚಿ ಎಳೆದುಕೊಂಡ, ನಾನೂ ಎಳೆದುಕೊಂಡೆ. ಮೇಜಿನ ಮೇಲೆ ಒಂದೇ ತಟ್ಟೆ ಇತ್ತು. ತಂಗಿ ಅದರ ಮುಂದೆ ಕೂತು ಬಡಿಸಿಕೊಂಡಳು.

“ನಮಗೆ?” ಎಂದ ಗಂಡ.

“ಲೆಕ್ಕ ಹಾಕಿದೆ. ಈ ಮನೇಲಿ ಹಸಿದವರು ಯಾರೂ ಇಲ್ಲ.”

“ನಾವಿಬ್ಬರು ಇಲ್ಲೇ ಇದೀವಲ್ಲೇ.”

“ಇದೀರಿ. ಸೇರಿಸಿಲ್ಲ ಅಷ್ಟೇ.”

ರ‍್ಯಾಂಕ್ ಸಾಹೇಬ ಖಾಲಿ ಮೇಜನ್ನೊಮ್ಮೆ, ಅವಳ ತಟ್ಟೆಯನ್ನೊಮ್ಮೆ ನೋಡಿದ, ಅಂಕ ಕೂಡುವವನ ಹಾಗೆ. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಅಂದು ಬೆಂಕಿಪೊಟ್ಟಣವನ್ನು ಮೆಲ್ಲಗೆ ಅವಳ ತಟ್ಟೆಯ ಪಕ್ಕಕ್ಕೆ ಸರಿಸಿದೆ.

“ಹನ್ನೊಂದಿವೆ. ಮೊದಲಿನ ಹಾಗೇ ಬೆಳೀತಾವೆ.”

ಅವಳು ತೆರೆದು ನೋಡಿದಳು. ಒಂದು ಗುಲಗಂಜಿ ಅವಳ ಬೆರಳು ಹತ್ತಿತು. ಅದನ್ನು ಜೋಪಾನವಾಗಿ ಒಳಗೆ ಬಿಟ್ಟು ಪೊಟ್ಟಣ ಮುಚ್ಚಿದಳು.

“ಅವರ ಅಣು ಗಿಡದ ಮೇಲಿಂದ ಪೂರ್ತಿ ಹೋಗಿದೆಯಾ? ನಾನು ಹೊಡೆದ ವಿಷ? ನೀನು ನೋಡಿದೀಯಾ?”

ನಾನು ನೋಡಿರಲಿಲ್ಲ. ನೋಡಬೇಕೆಂದು ಹೊಳೆದೂ ಇರಲಿಲ್ಲ.

“ಇಲ್ಲ,” ಎಂದೆ.

“ಇಷ್ಟನ್ನ ಅವತ್ತು ಫೋನಲ್ಲಿ ಹೇಳಿದ್ರೆ ಸಾಕಿತ್ತು ಅಕ್ಕಾ,” ಎಂದು ಪೊಟ್ಟಣವನ್ನು ನನ್ನ ಕಡೆ ಸರಿಸಿ, ತಲೆ ತಗ್ಗಿಸಿ ಊಟಕ್ಕೆ ತೊಡಗಿದಳು.