ಕಡೆಯ ಕುಚ್ಚು

ಸೀರೆಗೆ ಕುಚ್ಚು ಕಟ್ಟುವ ಕೆಲಸದಲ್ಲಿ ನಾನು ಬಹಳ ಹಿಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಸೆರಗಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಕುಚ್ಚುಗಳನ್ನೂ ಕಟ್ಟುತ್ತೇನೆ, ಕಡೆಯದೊಂದನ್ನು ಮಾತ್ರ ಬಿಡುತ್ತೇನೆ. ಅದರ ಎಳೆಗಳನ್ನು ಬಾಚಿ, ನೇರ ಮಾಡಿ, ಹಾಗೇ ಇಳಿಬಿಟ್ಟಿರುತ್ತೇನೆ. ಸೀರೆ ಒಯ್ಯಲು ಬಂದವರು ದುಡ್ಡು ಕೊಟ್ಟ ಮೇಲೆ ಅವರ ಎದುರಿಗೇ ಅದನ್ನು ಕಟ್ಟಿ, ದಾರ ಕತ್ತರಿಸಿ, ಸೀರೆ ಮಡಿಸಿ ಕೈಗೆ ಕೊಡುತ್ತೇನೆ. "ದುಡ್ಡೆಲ್ಲಿ" ಎಂದು ಯಾರನ್ನೂ ಬಾಯಿಬಿಟ್ಟು ಕೇಳಬೇಕಾಗಿಲ್ಲ. ಬಿಟ್ಟಿರುವ ಕುಚ್ಚೇ ಕೇಳಿಕೊಳ್ಳುತ್ತದೆ.

ರುಖ್ಸಾರ್‌ಗೆ ಈ ಕೆಲಸ ಕಲಿಸಿದವಳು ನಾನೇ. ಆರ್.ಟಿ. ನಗರದ ನಮ್ಮ ಗಲ್ಲಿಯಲ್ಲಿ ಅವಳದು ಮಹಡಿ ಮನೆ, ನನ್ನದು ಕೆಳಗೆ. ಮದುವೆಯಾಗಿ ಬಂದ ಹೊಸದರಲ್ಲಿ ಮೆಟ್ಟಿಲ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಒಂದು ದಿನ "ನೋಡಿದ್ದು ಸಾಕು, ಕಟ್ಟು ಬಾ" ಎಂದು ಹಳೆಯ ಸೀರೆಯೊಂದನ್ನು ಅವಳ ಮಡಿಲಿಗೆ ಹಾಕಿದೆ. ಬೇಗ ಕಲಿತಳು. ಕಲಿತದ್ದಲ್ಲದೆ ತನ್ನದೂ ಒಂದಿಷ್ಟು ಸೇರಿಸಿದಳು. ಅವಳ ತಾಯಿಯ ತಾಯಿ ಪೈಜಾಮಕ್ಕೆ ಹಾಕುವ ಲಾಡಿ ಹೆಣೆದು ಮಾರುತ್ತಿದ್ದರಂತೆ. ಆ ಲಾಡಿಯ ತುದಿಯ ಗೊಂಡೆಗೆ ಹಾಕುತ್ತಿದ್ದ ಸುತ್ತನ್ನು ಇವಳು ನಮ್ಮ ಕುಚ್ಚಿನ ಕುತ್ತಿಗೆಗೆ ತಂದಳು. ಜರಿಯ ಎಳೆಯನ್ನು ಕತ್ತಿನ ಸುತ್ತ ಸುತ್ತಿ, ಅದರ ತುದಿಯನ್ನು ಒಳಗೊಳಗೇ ಎಳೆದು ಮುಚ್ಚಿಬಿಡುತ್ತಾಳೆ. ಗಂಟು ಎಲ್ಲಿದೆಯೆಂದು ಹುಡುಕಿದರೂ ಸಿಗುವುದಿಲ್ಲ. ನಾನೂ ಒಮ್ಮೆ ಪ್ರಯತ್ನಿಸಿದೆ. ನನ್ನದು ಚಳಿಗಾಲದಲ್ಲಿ ಮಫ್ಲರ್ ಸುತ್ತಿಕೊಂಡ ಮುದುಕನ ಹಾಗೆ ಕಂಡಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕೈ ಅಷ್ಟು ಗಟ್ಟಿಯಾದರೂ ಬಾಯಿ ಮೆತ್ತಗೆ. ನನ್ನ ಪದ್ಧತಿ ಅವಳಿಗೆ ಒಗ್ಗಲಿಲ್ಲ.

"ಅರ್ಧ ಕೆಲ್ಸ ಮಾಡ್ಕೊಟ್ಟಂಗೆ ಕಾಣತ್ತೆ ಅಜ್ಜಿ. ನಂಗೆ ನಾಚ್ಕೆ."

"ಕೆಲ್ಸ ಮಾಡಿಸ್ಕೊಂಡು ಓಡೋರ್ಗೆ ನಾಚ್ಕೆ ಇಲ್ಲ, ನಿಂಗ್ಯಾಕವ್ವ?"

ಹಾಗೆಂದರೆ ನಗುತ್ತಿದ್ದಳು. ಎಲ್ಲ ಕುಚ್ಚನ್ನೂ ಕಟ್ಟಿ ಮುಗಿಸಿಯೇ ಸೀರೆ ಕೊಡುತ್ತಿದ್ದಳು. ಅಲ್ಲಿಯವರೆಗೆ ಹೇಗೋ ನಡೆದುಕೊಂಡು ಬಂದಿತ್ತು.

ಆಮೇಲೆ ಧನಲಕ್ಷ್ಮಿ ಮೇಡಂ ಬಂದರು. ಸಹಕಾರನಗರದ ಕಡೆ ದೊಡ್ಡ ಅಪಾರ್ಟ್‌ಮೆಂಟಿನವರು, ಮಗಳ ಮದುವೆ ಇಟ್ಟುಕೊಂಡಿದ್ದರು. ಎರಡು ಕೈಯಲ್ಲೂ ರೇಷ್ಮೆ ಸೀರೆಯ ಚೀಲ. "ನಿನ್ನ ಕೈಯಲ್ಲಿ ಬಂಗಾರ ಇದೆ ಕಣಮ್ಮ. ನಮ್ಮನೆ ಹುಡುಗಿ ಇದ್ದಂಗೆ ನೀನು" ಎಂದು ರುಖ್ಸಾರ್‌ಳ ಗಲ್ಲ ಮುಟ್ಟಿದರು. ಸೀರೆಗಿಷ್ಟು ಎಂದು ರೇಟು ಮಾತಾಯಿತು, ಮುಂಗಡದ ಮಾತು ಮಾತ್ರ ಅವರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಯಶವಂತಪುರದ ವೆಂಕಟರಾಮಯ್ಯನವರ ದಾರದ ಅಂಗಡಿಯಲ್ಲಿ ರೇಷ್ಮೆ ದಾರ, ಜರಿ, ಮಣಿ ಎಲ್ಲವನ್ನೂ ಸಾಲದ ಮೇಲೆ ತಂದು, ಕತ್ತು ನೋಯುವವರೆಗೆ ಕಟ್ಟಿದಳು. ಸೀರೆ ಒಯ್ಯಲು ಮೇಡಂ ಬಂದ ದಿನ ನಾನು ರೇಷನ್ ತರಲು ಹೋಗಿದ್ದೆ. ವಾಪಸು ಬಂದಾಗ ಚೀಲಗಳು ಹೋಗಿದ್ದವು, ರುಖ್ಸಾರ್ ಫೋನು ನೋಡುತ್ತಾ ಕೂತಿದ್ದಳು.

"ಮೇಡಂ ಫೋನಲ್ಲಿ ಜಿಪೇ ಸುತ್ತುತ್ತಾನೇ ಇತ್ತು ಅಜ್ಜಿ. ಮನೆಗೋಗಿ ಹಾಕ್ತೀನಿ ಅಂದ್ರು."

"ಕಡೇ ಕುಚ್ಚು?"

ಅವಳು ಫೋನನ್ನು ಮಗುಚಿ ಇಟ್ಟು, ನೆಲದ ಮೇಲೆ ಬಿದ್ದಿದ್ದ ದಾರದ ಚೂರುಗಳನ್ನು ಆಯತೊಡಗಿದಳು.

ಮೇಡಂ ಮೊದಲು ಫೋನು ಕೆಟ್ಟಿದೆ ಎಂದರು. ಆಮೇಲೆ ಮದುವೆ ಮನೆ, ತಲೆ ಎತ್ತಲೂ ಬಿಡುವಿಲ್ಲ ಎಂದರು. ಮದುವೆ ಮುಗಿದ ಮೇಲೆ "ಕುಚ್ಚು ಸ್ವಲ್ಪ ಉದ್ದ ಆಯ್ತು ಕಣಮ್ಮ, ರೇಟು ಮಾತಾಡೋಣ" ಎಂದು ಮೆಸೇಜು ಬಂತು. ಅಲ್ಲಿಂದಾಚೆಗೆ ಇವಳು ಕಳಿಸಿದ್ದನ್ನು ನೋಡುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ.

ರುಖ್ಸಾರ್‌ಳ ಗಂಡ ನಯೀಮ್ ಆಟೋ ಓಡಿಸುತ್ತಾನೆ. ಕೆಟ್ಟವನಲ್ಲ. ದಾರದ ಅಂಗಡಿಯ ಸಾಲ ತನ್ನ ತಲೆಗೆ ಬರುತ್ತದೆಂದು ಗೊತ್ತಾದಾಗ ನನ್ನ ಹತ್ತಿರವೇ ಬಂದು ಹೇಳಿದ.

"ಗೊರಗುಂಟೆಪಾಳ್ಯದಲ್ಲಿ ಗಾರ್ಮೆಂಟ್ಸ್‌ಗೆ ಜನ ತಗೋತಾ ಇದ್ದಾರೆ ಅಜ್ಜಿ. ತಿಂಗಳಾದ್ರೆ ಸಂಬಳ ಬರತ್ತೆ. ಇಲ್ಲಿ ಇವಳು ದುಡಿಯೋದು, ದಾರದ ದುಡ್ಡು ನಾನು ಕಟ್ಟೋದು, ಸೀರೆ ಉಟ್ಕೊಂಡು ಮೆರೆಯೋರು ಯಾರೋ. ಇದ್ಯಾವ ನ್ಯಾಯ, ನೀವೇ ಹೇಳಿ."

ಒಂದನೇ ತಾರೀಕಿನಿಂದ ಗಾರ್ಮೆಂಟ್ಸ್‌ಗೆ ಹೋಗುವುದೆಂದು ರುಖ್ಸಾರ್ ಒಪ್ಪಿಕೊಂಡಳು. ಗಂಟು ಕಾಣದ ಹಾಗೆ ಕಟ್ಟುವ ಆ ಬೆರಳುಗಳು ಇನ್ನು ಯಾರದೋ ಅಂಗಿಯ ಹೆಚ್ಚುವರಿ ದಾರ ಕತ್ತರಿಸುತ್ತಾ ನಿಲ್ಲಬೇಕಿತ್ತು. ಸಂಬಳದ ಕೆಲಸ ಕೀಳೆಂದು ಹೇಳುತ್ತಿಲ್ಲ. ಇಷ್ಟಪಟ್ಟು ಹೋದರೆ ನಾನೇ ಬುತ್ತಿ ಕಟ್ಟಿ ಕಳಿಸುತ್ತಿದ್ದೆ. ಇವಳು ಸೋತು ಹೋಗುತ್ತಿದ್ದಳು.

"ಓಗೋದಾದ್ರೆ ಓಗು. ಅದಕ್ಕೆ ಮೊದ್ಲು ಆ ದುಡ್ಡು ವಸೂಲು ಮಾಡಿಬಿಡಾಣ" ಎಂದು ಅವಳನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಮೇಲಕ್ಕೆ ಫೋನು ಮಾಡಿ ನಮ್ಮ ಹೆಸರು ಹೇಳಿದ. ಫೋನಿನೊಳಗಿಂದ ಹೆಣ್ಣು ದನಿ ನಮಗೂ ಕೇಳಿಸಿತು. ಅವನು ರಿಸೀವರ್ ಇಟ್ಟು ನೆಲ ನೋಡುತ್ತಾ, "ಮೇಡಂ ಮನೇಲಿಲ್ವಂತೆ" ಎಂದ.

"ಇಲ್ಲ ಅಂತ ಅವ್ರೇ ಏಳಿದ್ರಾ?" ಎಂದು ಕೇಳಿದೆ.

ಪಾಪ, ಅವನಿಗೆ ನಗು ತಡೆಯಲಾಗಲಿಲ್ಲ. ರುಖ್ಸಾರ್‌ಳ ಕಣ್ಣು ಮಾತ್ರ ತುಂಬಿತ್ತು.

"ಇಲ್ಲೇ ನಿಂತು ಕೂಗಾಡಿಬಿಡ್ಲಾ ಅಜ್ಜಿ? ಎಲ್ರೂ ಕೇಳಿಸ್ಕೊಳ್ಲಿ."

"ಬ್ಯಾಡ. ಕೂಗಾಡಿದ್ರೆ ಜನ ನಮ್ ಬಾಯಿ ನೋಡ್ತಾರೆ, ಅವ್ರ ಸಾಲ ನೋಡಲ್ಲ. ತಡ್ಕೋ."

ತಡೆದುಕೊಂಡು ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ.

ಮಂಗಳವಾರ ವೆಂಕಟರಾಮಯ್ಯನವರ ಅಂಗಡಿಗೆ ಹೊಸ ದಾರ ಬರುತ್ತದೆ. ಯಲಹಂಕ, ಹೆಬ್ಬಾಳ, ಅಮೃತಹಳ್ಳಿ, ಎಲ್ಲ ಕಡೆಯ ಕುಚ್ಚಿನ ಹೆಂಗಸರು ಅವತ್ತು ಅಲ್ಲೇ ಸಿಗುತ್ತಾರೆ. ಬಣ್ಣ ಹೊಂದಿಸಿಕೊಳ್ಳಲು ಒಬ್ಬೊಬ್ಬರೂ ತಮ್ಮ ಕೆಲಸದ ತುಂಡೊಂದನ್ನು ತಂದಿರುತ್ತಾರೆ. ನಾನು ರುಖ್ಸಾರ್ ಕಟ್ಟಿದ ತುಂಡನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟೆ. ಕೈಯಿಂದ ಕೈಗೆ ಹೋಯಿತು. ಗಂಟು ಯಾರಿಗೂ ಸಿಗಲಿಲ್ಲ. ಅಮೃತಹಳ್ಳಿಯ ಗಜಾಲಾ ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ನೋಡಿದಳು, "ಇದೇನ್ ಜಾದೂನಾ?" ಎಂದಳು.

"ಈ ಕೈ ಒಂದನೇ ತಾರೀಕಿಗೆ ಗಾರ್ಮೆಂಟ್ಸ್‌ಗೆ ಓಗ್ತಾ ಐತೆ" ಎಂದು ನಡೆದದ್ದನ್ನೆಲ್ಲ ಹೇಳಿದೆ.

ಅವರಲ್ಲಿ ಹೀಗೆ ಮೋಸ ಹೋಗದವಳು ಒಬ್ಬಳೂ ಇರಲಿಲ್ಲ. ಒಬ್ಬಳು ಮೇಡಂ ಫೋಟೋ ವಾಟ್ಸಾಪಿಗೆ ಹಾಕೋಣ ಎಂದಳು.

"ಅವ್ರ ಮುಖ ಬೀದಿಗೆ ಹಾಕೋದು ಬ್ಯಾಡ" ಎಂದೆ. "ಮುಖಕ್ಕಿಂತ ಅವ್ರಿಗೆ ಕುಚ್ಚು ಬೇಕು. ನಮ್ ಕೈ ನಾವು ಇಡ್ಕೊಂಡ್ರೆ ಸಾಕು. ಅವ್ರು ಯಾರತ್ರ ಬಂದ್ರೂ ಮರ್ಯಾದೆಯಿಂದ ಒಂದೇ ಮಾತು: ಅಲ್ಲಿ ಹಳೇ ಬಾಕಿ ಮುಗಿಸಿ ಬನ್ನಿ."

ಗಜಾಲಾ ಒಪ್ಪಲಿಲ್ಲ. "ಬಂದ ಕೆಲ್ಸ ಬಿಡೋದಾ ಅಜ್ಜಿ? ನಂದು ಹೊಲಿಗೆ ಮಿಷಿನ್ ಕಂತು ಬಾಕಿ ಇದೆ. ಅಲ್ದೆ, ಬಂದೋರು ಅವ್ರೇ ಅಂತ ಹೆಂಗೆ ಗೊತ್ತಾಗತ್ತೆ? ಆಧಾರ್ ಕಾರ್ಡ್ ಕೇಳಿ ಸೀರೆ ಇಸ್ಕೊಳ್ಳೋಕಾಗತ್ತಾ?"

ಎಲ್ಲರೂ ನಕ್ಕರು. ಅವಳ ಮಾತೂ ಸರಿಯಾಗಿಯೇ ಇತ್ತು. ವೆಂಕಟರಾಮಯ್ಯನವರು ದಾರ ಅಳೆಯುತ್ತಾ, "ರುಖ್ಸಾರಮ್ಮ, ನಿನ್ ಬಾಕಿ ತಿಂಗಳ ಕೊನೇವರ್ಗೂ ನಾನು ಕೇಳಲ್ಲ" ಎಂದರು. ಅವತ್ತು ಸಿಕ್ಕಿದ್ದು ಅಷ್ಟೇ. ಯಾರು ಕೈ ಹಿಡಿದುಕೊಳ್ಳುತ್ತಾರೆ, ಯಾರು ಅವರ ಸೀರೆಗೆ ಕೈ ಚಾಚುತ್ತಾರೆ ಎಂಬುದು ಗೊತ್ತಾಗದೆ ಮನೆಗೆ ಬಂದೆವು.

ಗೌರಿ ಹಬ್ಬ ಹತ್ತಿರ ಬಂತು. ಒಂದು ಮಧ್ಯಾಹ್ನ ಗಜಾಲಾ ಫೋನು ಮಾಡಿದಳು. ನಗುವಿನಲ್ಲಿ ಮೊದಲೆರಡು ಮಾತು ಅರ್ಥವಾಗಲಿಲ್ಲ.

"ಅಜ್ಜಿ, ನಿಮ್ ಮೇಡಂ ಬಂದಿದ್ರು! ಮಗಳ ಮದುವೇಲಿ ಬೀಗಿತ್ತಿ ಕುಚ್ಚು ನೋಡಿ ಮೆಚ್ಕೊಂಡ್ರಂತೆ. ಹಬ್ಬಕ್ಕೆ ನಿಮ್ಗೂ ಅಂಥದ್ದೇ ಸೀರೆ ಕೊಡ್ತೀನಿ ಅಂತ ಇವ್ರು ಮಾತು ಕೊಟ್ಬಿಟ್ಟಿದಾರೆ. ಸ್ಯಾಂಪಲ್‌ಗೆ ಅಂತ ಬ್ಯಾಗಿಂದ ಒಂದು ಸೀರೆ ತೆಗೆದ್ರು, ನೋಡಿದ್ರೆ ಗಂಟೇ ಇಲ್ಲ!"

ದುಡ್ಡು ಕೊಡದ ಸೀರೆಯನ್ನೇ ಅವರು ಮಾದರಿಗೆಂದು ಹೊತ್ತುಕೊಂಡು ಹೋಗಿದ್ದರು.

"ನೀನೇನಂದೆ?"

"ಇದು ಆರ್.ಟಿ. ನಗರದ ರುಖ್ಸಾರ್ ಕೈದು ಮೇಡಂ, ಅಲ್ಲಿ ಹಳೇದು ಮುಗಿಸಿ, ಹೊಸದು ಅವಳೇ ಕಟ್ಕೊಡ್ತಾಳೆ ಅಂದೆ. ಡಬಲ್ ಕೊಡ್ತೀನಿ ಅಂದ್ರು."

"ಆಮೇಕೆ?"

"ಸಿಂಗಲ್ಲೇ ಕೊಡದೋರು ಡಬಲ್ ಎಲ್ಲಿಂದ ಕೊಡ್ತಾರೆ ಅಜ್ಜಿ?"

ಮಿಷಿನ್ ಕಂತು ಬಾಕಿ ಇದ್ದ ಗಜಾಲಾ ಆಡಿದ ಮಾತು ಅದು. ಹೆಬ್ಬಾಳದವಳೂ ಹಾಗೇ ಹೇಳಿ ಕಳಿಸಿದಳೆಂದು ಮರುದಿನ ಗೊತ್ತಾಯಿತು. ಯಲಹಂಕದವಳು ಚಹಾ ಕೊಟ್ಟು, ಆಮೇಲೆ ಹೇಳಿದಳಂತೆ. ಇವರೆಲ್ಲರ ಜೊತೆ ದಾರ ಕೊಳ್ಳುತ್ತೇನಲ್ಲ ಎಂದು ಆ ದಿನ ನನಗೆ ಆದ ಹೆಮ್ಮೆಯನ್ನು ಹೇಳಲು ಬರುವುದಿಲ್ಲ.

ಮೂರನೆಯ ದಿನ ಧನಲಕ್ಷ್ಮಿ ಮೇಡಂ ಕಾರನ್ನು ಗಲ್ಲಿಯ ಬಾಯಲ್ಲೇ ಬಿಟ್ಟು ನಡೆದುಕೊಂಡು ಬಂದರು. ರುಖ್ಸಾರ್ ನನ್ನ ಪಕ್ಕ ಜಗಲಿಯ ಮೇಲೆ ಕೂತಿದ್ದಳು.

"ಏನಜ್ಜಿ ಇದು, ನೀವೆಲ್ಲ ಸೇರ್ಕೊಂಡು ನನ್ನ ಬ್ಲಾಕ್ ಮಾಡಿದೀರಾ?"

"ಬನ್ನಿ ತಾಯಿ, ಕೂತ್ಕಳಿ. ಬ್ಲಾಕ್ ಯಾರೂ ಮಾಡಿಲ್ಲ. ನೀವು ದಾರಿ ತಪ್ಪಿದ್ರಿ, ಅವ್ರು ತೋರ್ಸವ್ರೆ."

ಅವರು ಕೂರಲಿಲ್ಲ. "ಹಳೇದು, ಹೊಸದು, ಎಲ್ಲಾ ಸೇರಿಸಿ ಒಟ್ಟಿಗೇ ಕೊಡ್ತೀನಿ. ಮೊದ್ಲು ಇದನ್ನ ಕಟ್ಕೊಡಮ್ಮ" ಎಂದು ಹೊಸ ಸೀರೆಯನ್ನು ರುಖ್ಸಾರ್‌ಳ ಮುಂದೆ ಚಾಚಿದರು.

ನಾನು ಬಾಯಿ ತೆರೆಯುವವಳಿದ್ದೆ. ರುಖ್ಸಾರ್ ನನ್ನ ಮೊಣಕಾಲು ಮುಟ್ಟಿ ತಡೆದಳು. ಸೀರೆಗೆ ಕೈ ಚಾಚಲಿಲ್ಲ.

"ಹಳೇದು ಮೊದ್ಲು ಮೇಡಂ. ಕುಚ್ಚು ಉದ್ದ ಆಗಿದ್ರೆ ಆ ಸೀರೆ ತನ್ನಿ, ಬಿಚ್ಚಿಬಿಡ್ತೀನಿ. ಚೆನ್ನಾಗಿದ್ರೆ ಮಾತಾಡಿದ ರೇಟು ಕೊಡಿ."

ದನಿ ಏರಲಿಲ್ಲ, ನಡುಗಲೂ ಇಲ್ಲ. ಬೀಗಿತ್ತಿ ಮೆಚ್ಚಿದ ಕುಚ್ಚನ್ನು ಯಾರು ಬಿಚ್ಚಿಸುತ್ತಾರೆ? ಮೇಡಂ ಫೋನು ತೆಗೆದರು. ಈ ಸಲ ಜಿಪೇ ಸುತ್ತಲಿಲ್ಲ. ರುಖ್ಸಾರ್ ತನ್ನ ಫೋನು ನೋಡಿ, ತಲೆಯಾಡಿಸಿ, ಆಮೇಲೆ ಸೀರೆ ತೆಗೆದುಕೊಂಡಳು.

"ಇವತ್ತೇ ಕಟ್ಕೊಡು, ಐನೂರು ಜಾಸ್ತಿ ಕೊಡ್ತೀನಿ."

"ಇದಕ್ಕೆ ಮೊದ್ಲು ಬಂದ ಸೀರೆ ಇದೆ ಮೇಡಂ. ಹಬ್ಬಕ್ಕೆ ತಪ್ಸಲ್ಲ. ಜಾಸ್ತಿ ಬೇಡ, ರೇಟು ಕೊಟ್ರೆ ಸಾಕು."

ಇದನ್ನು ನಾನು ಕಲಿಸಿರಲಿಲ್ಲ.

ಹಬ್ಬದ ಹಿಂದಿನ ದಿನ ಮೇಡಂ ಬಂದಾಗ ರುಖ್ಸಾರ್ ಸೆರಗನ್ನು ಜಗಲಿಯ ಮೇಲೆ ಹರಡಿ ತೋರಿಸಿದಳು. ಸಾಲಾಗಿ ಕುಚ್ಚುಗಳು, ಕತ್ತಿನಲ್ಲಿ ಜರಿ. ಮೂಲೆಯಲ್ಲಿ ಒಂದು ಹಿಡಿ ಎಳೆ ಮಾತ್ರ ಬಾಚಿ ಇಳಿಬಿಟ್ಟಿತ್ತು.

"ಇದೊಂದು ಯಾಕಮ್ಮ ಬಿಟ್ಟಿದೀಯ?"

"ಅದು ನಿಮಗೋಸ್ಕರ ಕಾಯ್ತಾ ಇದೆ ಮೇಡಂ."

ಮೇಡಂ ನನ್ನ ಕಡೆ ನೋಡಿದರು. ನಾನು ಸೂಜಿಗೆ ದಾರ ಪೋಣಿಸುತ್ತಾ ಇದ್ದುಬಿಟ್ಟೆ. ದುಡ್ಡು ಬಂತು. ರುಖ್ಸಾರ್ ಸೆರಗನ್ನು ಮೊಣಕಾಲಿನ ಮೇಲೆಳೆದುಕೊಂಡು, ಎಳೆಗಳನ್ನು ಮತ್ತೊಮ್ಮೆ ಬಾಚಿ, ಕಟ್ಟತೊಡಗಿದಳು. ಕಾರು ಗಲ್ಲಿಯ ಬಾಯಲ್ಲಿ ಹಾರನ್ ಮಾಡುತ್ತಿತ್ತು. ಅವಳು ಅವಸರ ಮಾಡಲಿಲ್ಲ. ಕೊನೆಗೆ ಮೇಡಂ ಜಗಲಿಯ ತುದಿಯಲ್ಲಿ ಕೂತರು, ಬಗ್ಗಿ ಅವಳ ಬೆರಳುಗಳನ್ನೇ ನೋಡತೊಡಗಿದರು. ಜರಿಯ ತುದಿ ಒಳಗೆ ಹೋಗಿ ಮಾಯವಾದಾಗ "ಅರೆ, ಎಲ್ಲೋಯ್ತು?" ಎಂದು ತಮಗೆ ತಾವೇ ಎಂದುಕೊಂಡರು.

ಒಂದನೇ ತಾರೀಕಿನ ಬೆಳಗ್ಗೆ ನಯೀಮ್ ಆಟೋ ಒರೆಸಿ, ಮೆಟ್ಟಿಲ ಕಡೆ ನೋಡಿದ. ರುಖ್ಸಾರ್ ಆಗಲೇ ಜಗಲಿಯಲ್ಲಿ ನನ್ನ ಪಕ್ಕ ಕೂತು ಯಾರದೋ ಹಸಿರು ಸೀರೆಯ ಸೆರಗಿನ ಎಳೆ ಬಿಡಿಸುತ್ತಿದ್ದಳು. ಅವನು ಒಂದು ಗಳಿಗೆ ನಿಂತ. ಮನೆಯಲ್ಲಿ ಅವರದು ಉರ್ದು. ಅವತ್ತು ನನಗೂ ಕೇಳಲಿ ಎಂದೋ ಏನೋ, ಕನ್ನಡದಲ್ಲೇ ಕೇಳಿದ.

"ಯಶವಂತಪುರದ ಕಡೆ ಹೋಗ್ತಾ ಇದೀನಿ. ದಾರ ಏನಾದ್ರೂ ತರ್ಬೇಕಾ?"

ರುಖ್ಸಾರ್ ತಲೆ ಎತ್ತಲಿಲ್ಲ.

"ಜರಿ ತನ್ನಿ. ಹಳೇ ಬಾಕಿ ದುಡ್ಡೆಲ್ಲಾ ನಾನೇ ಕಟ್ಟಿದೀನಿ. ಅಂಗಡೀಲಿ ನನ್ ಹೆಸ್ರು ಹೇಳಿ, ಸಾಕು."